ಸಿಂಹಾಸನದ ಹಿಂದೆ ಬಿದ್ದ ದೊರೆ

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ನವರಾತ್ರಿ ಸಂಚಿಕೆ

(ಹೊಸಪೇಟೆ ಸುತ್ತಮುತ್ತ 31 ವರ್ಷ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಈ ಅಂಕಣದಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ನವರಾತ್ರಿಗೆ ಘಟ ಹಾಕಿ ದೇವಿ ಪುರಾಣ ಹಚ್ಚುತ್ತೇವೆ. ಅತ್ತೆಯವರು ತೀರಿಕೊಂಡ ಮೇಲೆ ಓದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾಲೇಜಿಗೆ ಹೋಗುವ ಮಗ ಈ ಸಲ ಒಂದು ಮಾತು ಕೇಳಿದ: "ವಿಜಯನಗರದ ಅರಸರು ಮಹಾನವಮಿಯಲ್ಲಿ ಅಷ್ಟು ದೊಡ್ಡ ಪೂಜೆ ಮಾಡುತ್ತಿದ್ದರಲ್ಲ, ಮನೆಯವರೇ ಕತ್ತಿ ಎತ್ತಿದಾಗ ದೇವಿ ಯಾರನ್ನಾದರೂ ಉಳಿಸಿದ್ದುಂಟಾ?" ನನಗೆ ಉತ್ತರ ಗೊತ್ತಾಗಲಿಲ್ಲ, ಸುಮ್ಮನಾದೆ. ನೀವು ಹೇಳಿ.
ಓದುಗ ತಾಯಿಯೊಬ್ಬರು, ಗಂಗಾವತಿ

ಉತ್ತರ: ತಾಯಿ, ಮಗನನ್ನು ಬೈಯಬೇಡಿ, ಕೇಳಬೇಕಾದ್ದನ್ನೇ ಕೇಳಿದ್ದಾನೆ. ನಿಮ್ಮೂರಿನಿಂದ ಹಂಪಿ ದೂರವಿಲ್ಲ. ಒಂದು ದಿನ ಬುತ್ತಿ ಕಟ್ಟಿಕೊಂಡು ಹೋಗಿ ಮಹಾನವಮಿ ದಿಬ್ಬದ ನೆರಳಲ್ಲಿ ಅವನನ್ನು ಕೂರಿಸಿ ಈ ಕಥೆ ಹೇಳಿ. ಇದು ಪುರಾಣವಲ್ಲ, ಆ ಊರಲ್ಲೇ ನಡೆದದ್ದು.

ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ, ಪ್ರೌಢದೇವರಾಯ ಎಂದೂ ಕರೆಯುತ್ತೇವೆ. ತೈಮೂರನ ಮಗ ಷಾ ರುಖ್ ಹೆರಾತಿನಿಂದ ಅಬ್ದುರ್ ರಜಾಕ್ ಎಂಬ ರಾಯಭಾರಿಯನ್ನು ಕಲ್ಲಿಕೋಟೆಗೆ ಕಳಿಸಿದ್ದ. ದೇವರಾಯ ಆತನನ್ನು ತನ್ನಲ್ಲಿಗೂ ಬರಹೇಳಿದ. ಮಂಗಳೂರಿನ ಮೇಲೆ ಘಟ್ಟ ಹತ್ತಿ ರಜಾಕ್ ವಿಜಯನಗರ ಮುಟ್ಟಿದ್ದು 1443ರ ಏಪ್ರಿಲ್ ಕೊನೆಗೆ. ಅವನಿನ್ನೂ ಕಲ್ಲಿಕೋಟೆಯಲ್ಲಿದ್ದ ಆ ಕೆಲವೇ ತಿಂಗಳಲ್ಲಿ ಇಲ್ಲಿ ರಾಜದ್ರೋಹ ನಡೆದು ಹೋಗಿತ್ತು. ಊರಿಗೆ ಬಂದ ಮೇಲೆ ಕೇಳಿದ್ದನ್ನು ಅವನು ಪಾರಸಿಯಲ್ಲಿ ಬರೆದಿಟ್ಟ.

ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಊಟಕ್ಕೆ ಅಣ್ಣನನ್ನೂ ರಾಜ್ಯದ ದೊಡ್ಡ ದೊಡ್ಡವರನ್ನೂ ಕರೆದ. ಒಬ್ಬರೆದುರಿಗೆ ಒಬ್ಬರು ಕೂತು ಉಣ್ಣದಿರುವುದು ಆಗಿನ ಪದ್ಧತಿ. ಅದೇ ಅವನಿಗೆ ಅನುಕೂಲವಾಯಿತು. ಬಂದವರನ್ನೆಲ್ಲ ಒಂದು ದೊಡ್ಡ ಹಜಾರದಲ್ಲಿ ಕೂರಿಸಿ, ಒಬ್ಬೊಬ್ಬರನ್ನಾಗಿ "ಊಟಕ್ಕೆ ಏಳಿ" ಎಂದು ಒಳಗೆ ಕರೆಸಿದ. ಹೊರಗೆ ನಗಾರಿ, ಕಹಳೆ, ಡೋಲುಗಳ ಅಬ್ಬರ. ಒಳಗೆ ಕಾಲಿಟ್ಟವನ ಮೇಲೆ ಮರೆಯಲ್ಲಿದ್ದ ಇಬ್ಬರು ಬೀಳುತ್ತಿದ್ದರು. ಹೆಣ ಸರಿಸಿ ಆದ ಮೇಲೆ ಮುಂದಿನವನಿಗೆ ಕರೆ. ವಾದ್ಯದ ಗದ್ದಲದಲ್ಲಿ ಹೊರಗಿದ್ದವರಿಗೆ ಏನೂ ಕೇಳಿಸಲಿಲ್ಲ.

ಅದು ಮುಗಿದ ಮೇಲೆ ತಮ್ಮ ಅರಮನೆ ಬಾಗಿಲಿಗೆ ಬಂದ. ಕಾವಲಿನವರಿಗೂ ಸವಿಮಾತಾಡಿ ಅದೇ ಮನೆಗೆ ಊಟಕ್ಕೆ ಕಳಿಸಿದ. ಅವರಿಗೂ ಅದೇ ಗತಿಯಾಯಿತು. ಬಾಗಿಲು ಬರಿದಾಯಿತು. ಆಮೇಲೆ ತಾಂಬೂಲದ ತಟ್ಟೆ ಹಿಡಿದು ಅಣ್ಣನ ಮುಂದೆ ನಿಂತ. ಎಲೆ ಅಡಿಕೆಯ ಅಡಿಯಲ್ಲಿ ಬಾಕು ಇತ್ತು. "ಎಲ್ಲ ಸಿದ್ಧವಾಗಿದೆ, ನಿಮ್ಮದೇ ದಾರಿ ಕಾಯುತ್ತಿದ್ದಾರೆ" ಎಂದ.

ದೇವರಾಯ, "ಇವತ್ತು ನನಗೆ ಮೈ ಸರಿಯಿಲ್ಲ" ಅಂದ.

ಈ ಜಾಗದಲ್ಲಿ ರಜಾಕ್ ಒಂದು ಮಾತು ಸೇರಿಸುತ್ತಾನೆ: ದೊಡ್ಡವರಿಗೆ ಮೇಲಿನಿಂದ ಸೂಚನೆ ಬರುತ್ತದೆ ಎಂಬ ಮಾತಿನಂತೆ ಅರಸ ಹೀಗೆ ನುಡಿದ ಎಂದು. ತಾಯಿ, ಇದನ್ನು ನಿಮ್ಮ ಮಗನಿಗೆ ಬಿಡಿಸಿ ಹೇಳಿ. ಬರೆದವನು ದೇವಿಯ ಭಕ್ತನಲ್ಲ, ಈ ನಾಡಿನವನೂ ಅಲ್ಲ, ದೇವರಾಯನ ಧರ್ಮದವನೂ ಅಲ್ಲ. ಆದರೂ ಆ ಒಂದು ಮಾತನ್ನು ದೊರೆಯ ಬಾಯಿಂದ ಆಡಿಸಿದವನು ಮೇಲಿನವನು ಎಂದೇ ಅವನಿಗೆ ಅನ್ನಿಸಿತು.

ಮನೆಗೆ ಕರೆದೊಯ್ಯುವ ಆಸೆ ಕೈಬಿಟ್ಟ ತಮ್ಮ ಅಲ್ಲೇ ಬಾಕು ಹಿರಿದು ಹಲವು ಸಲ ಇರಿದ. ದೊರೆ ಸಿಂಹಾಸನದ ಹಿಂದಕ್ಕೆ ಉರುಳಿದ. ಸತ್ತನೆಂದುಕೊಂಡು, ತಲೆ ಕೊಯ್ಯಲು ಒಬ್ಬ ಬಂಟನನ್ನು ಬಿಟ್ಟು ತಮ್ಮ ಹೊರಗೆ ಬಂದ. ಸಭಾಮಂಟಪದ ಮೆಟ್ಟಿಲ ಮೇಲೆ ನಿಂತು "ಇನ್ನು ಮೇಲೆ ನಾನೇ ಅರಸ" ಎಂದು ಸಾರಿದ. ಒಳಗೆ ಬಂಟ ಹತ್ತಿರ ಬರುತ್ತಿದ್ದಂತೆ ದೇವರಾಯ ತನ್ನ ಆಸನವನ್ನೇ ಹಿಡಿದೆತ್ತಿ ಅವನ ಎದೆಗೆ ಅಪ್ಪಳಿಸಿದ. ಅವನು ಅಂಗಾತ ಬಿದ್ದ. ಹೆದರಿ ಮೂಲೆ ಸೇರಿದ್ದ ಕಾವಲಿನವನೊಬ್ಬ ಆಗ ಈಚೆ ಬಂದ. ಇಬ್ಬರೂ ಸೇರಿ ಬಂಟನನ್ನು ಮುಗಿಸಿದರು. ರಾಣಿವಾಸದ ದಾರಿಯಾಗಿ ಹೊರಬಂದ ದೊರೆ, "ನಾನು ಬದುಕಿದ್ದೇನೆ, ಆ ದ್ರೋಹಿಯನ್ನು ಹಿಡಿಯಿರಿ" ಎಂದು ಕೂಗಿದ. ನೆರೆದಿದ್ದ ಜನ ತಮ್ಮನ ಮೇಲೆ ಬಿದ್ದರು, ಅವನು ಅಲ್ಲೇ ಸತ್ತ.

ಆ ಮೂಲೆಯ ಕಾವಲಿನವನನ್ನು ನಾನು ಬಹಳ ಸಲ ನೆನೆಸಿಕೊಂಡಿದ್ದೇನೆ. ಅವನು ಶೂರನಲ್ಲ, ಮೊದಲು ಅಡಗಿದ. ಕೈಕಾಲು ನಡುಗುತ್ತಿದ್ದಿರಬೇಕು. ಆದರೂ ಎದ್ದು ಬಂದ. ಅವನ ಹೆಸರು ಎಲ್ಲೂ ಬರೆದಿಲ್ಲ. ದೇವಿ ಆ ದಿನ ಅರಮನೆಗೆ ಬಂದಿದ್ದಳೆಂದರೆ ಅವಳು ಬಂದದ್ದು ಅವನ ಕೈಯಾಗಿ ಎಂದು ನಾನು ನಂಬುತ್ತೇನೆ.

ನಾನು ಪ್ರತಿ ವರ್ಷ ಎಂಟನೇ ತರಗತಿಯವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ದಿಬ್ಬದ ಹತ್ತಿರ ಒಂದು ದೊಡ್ಡ ಮಂಟಪದ ನೆಲಗಟ್ಟು ಇದೆ. ಕಂಬಗಳು ಹೋಗಿವೆ, ಕಂಬ ನಿಂತಿದ್ದ ಕಲ್ಲುಗಳು ಸಾಲುಸಾಲಾಗಿ ಉಳಿದಿವೆ. ಅಲ್ಲಿ ನಿಂತು ಕಥೆ ಹೇಳಿ, ಹತ್ತು ಹುಡುಗರಿಗೆ ಊಟದ ಡಬ್ಬಿಯನ್ನು ಮುಚ್ಚಳದಿಂದ ಬಡಿಯಲು ಹೇಳುತ್ತಿದ್ದೆ. ಒಬ್ಬ ಹುಡುಗ ಹದಿನೈದು ಹೆಜ್ಜೆ ಆಚೆ ನಿಂತು ಜೋರಾಗಿ "ಅಯ್ಯೋ" ಅನ್ನಬೇಕು. ಬಾಯಿ ತೆರೆದದ್ದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಒಂದು ವರ್ಷ ಡಬ್ಬಿ ಬಡಿಯುವುದು ನಿಂತ ಮೇಲೆ ಒಬ್ಬ ಹುಡುಗಿ ಕೇಳಿದಳು: "ಸಾರ್, ಒಳಗೆ ಸತ್ತೋರ ಹೆಸರು ಏನು? ದೇವರು ಅವರಿಗ್ಯಾಕೆ ಮೈ ಸರಿಯಿಲ್ಲ ಅಂತ ಹೇಳಿಸಲಿಲ್ಲ?"

ನನ್ನ ಹತ್ತಿರ ಮಾತಿರಲಿಲ್ಲ. ಬಸ್ಸಲ್ಲಿ ವಾಪಸು ಬರುವಾಗಲೂ ಅದೇ ಕಿವಿಯಲ್ಲಿತ್ತು. ಬಾಗಿಲ ಕಾವಲಿನವರು ದೊರೆಗಾಗಿ ನಿಂತವರು. ಅವರಿಗೆ ಸೂಚನೆ ಬರಲಿಲ್ಲ. ರಕ್ಷಣೆಯ ಕಥೆಯನ್ನು ನಾವು ಯಾವಾಗಲೂ ಉಳಿದವನ ಕಡೆಯಿಂದ ಹೇಳುತ್ತೇವೆ.

ಇನ್ನೂ ಒಂದು ಭಾಗವಿದೆ, ಮಕ್ಕಳಿಗೆ ನಾನು ಅದನ್ನು ಪೂರ್ತಿ ಹೇಳುತ್ತಿರಲಿಲ್ಲ. ನಿಮ್ಮ ಮಗ ದೊಡ್ಡವನು, ಅವನಿಗೆ ಹೇಳಬಹುದು. ಸಂಚಿನಲ್ಲಿ ಸೇರಿದ್ದವರನ್ನೆಲ್ಲ ಆಮೇಲೆ ಕೊಲ್ಲಿಸಿದರು. ಕೆಲವರ ಚರ್ಮ ಸುಲಿದರು, ಕೆಲವರನ್ನು ಸುಟ್ಟರು, ಅವರ ಮನೆತನಗಳನ್ನೇ ಇಲ್ಲವಾಗಿಸಿದರು. ಊಟದ ಕರೆಯೋಲೆ ಹೊತ್ತು ಮನೆಮನೆಗೆ ಹೋಗಿದ್ದವನಿಗೂ ಘೋರ ಶಿಕ್ಷೆಯಾಯಿತು. ಓಲೆ ಹಂಚಿದವನಿಗೆ ಒಳಗಿನ ವಿಷಯ ಗೊತ್ತಿತ್ತೋ ಇಲ್ಲವೋ ಎಂದು ವಿಚಾರಿಸಿದರೆಂದು ರಜಾಕ್ ಬರೆದಿಲ್ಲ. ಅವರ ಹೆಂಡತಿ ಮಕ್ಕಳು ಮಾಡಿದ ತಪ್ಪೇನು? ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದೇವರಾಯನ ಮೇಲೆ ನನಗೆ ಗೌರವವಿದೆ. ಆದರೆ ಮೇಲಿನಿಂದ ತನಗೆ ಇಳಿದ ರಕ್ಷೆಯನ್ನು ಅವನು ಕೆಳಗಿನವರಿಗೆ ಇಳಿಸಲಿಲ್ಲ. ನನ್ನ ಮಟ್ಟಿಗೆ ಆ ಕಥೆಯಲ್ಲಿ ಅವನು ಸೋತದ್ದು ಅಲ್ಲಿ.

ಈ ಘಟನೆಯನ್ನು ಸುಮಾರು ನೂರು ವರ್ಷದ ನಂತರ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬೇರೆ ಥರ ಬರೆದ: ಸೋದರನ ಮಗ, ವಿಷ ಸವರಿದ ಬಾಕು, ಆರೇ ತಿಂಗಳಲ್ಲಿ ದೊರೆಯ ಸಾವು. ಆದರೆ ದೇವರಾಯ ತೀರಿಕೊಂಡದ್ದು 1446ರಲ್ಲಿ, ಶ್ರವಣಬೆಳಗೊಳದ ಶಾಸನ ಅದನ್ನು ಹೇಳುತ್ತದೆ. ಹಾಗಾಗಿ ನಾನು ರಜಾಕನ ಕಡೆ ನಿಲ್ಲುತ್ತೇನೆ.

ಇನ್ನು ನೀವು ಓದುವ ಪುರಾಣಕ್ಕೆ ಬರುತ್ತೇನೆ. ನಮ್ಮ ಕಡೆ ಮನೆಗಳಲ್ಲಿ ಹಚ್ಚುವುದು ಚಿದಾನಂದಾವಧೂತರು ಕನ್ನಡದಲ್ಲಿ ಹಾಡಿದ್ದು. ಅದರ ಮೂಲ ಮಾರ್ಕಂಡೇಯ ಪುರಾಣದ ದೇವಿ ಮಹಾತ್ಮೆ. ಆ ಕಥೆ ಶುರುವಾಗುವುದೇ ದ್ರೋಹಕ್ಕೆ ಸಿಕ್ಕ ರಾಜನಿಂದ ಎಂಬುದನ್ನು ಗಮನಿಸಿದಿರಾ? ಸುರಥ ಯುದ್ಧದಲ್ಲಿ ಸೋತು ಊರಿಗೆ ಬರುತ್ತಾನೆ. ಅಷ್ಟರಲ್ಲಿ ಅವನ ಮಂತ್ರಿಗಳೇ ಬೊಕ್ಕಸ, ಸೈನ್ಯ ಎರಡನ್ನೂ ಕೈಗೆ ತೆಗೆದುಕೊಂಡಿರುತ್ತಾರೆ. ಬೇಟೆಯ ನೆಪ ಹೇಳಿ ಒಬ್ಬನೇ ಕುದುರೆ ಹತ್ತಿ ಕಾಡು ಸೇರುತ್ತಾನೆ. ಅಲ್ಲಿ ಋಷಿಯ ಆಶ್ರಮದಲ್ಲಿ ಕೂತವನಿಗೆ ಕಾಡುವ ಚಿಂತೆ ಏನು ಗೊತ್ತೇ? ನನ್ನ ಪಟ್ಟದಾನೆ ವೈರಿಗಳ ಕೈ ಸೇರಿತಲ್ಲ, ಅದಕ್ಕೆ ಈಗ ಯಾರು ಸರಿಯಾಗಿ ಮೇವು ಹಾಕುತ್ತಾರೆ ಎಂಬುದು.

ನನ್ನ ಅಜ್ಜಿ ಈ ಆನೆಯ ಭಾಗಕ್ಕೆ ಬಂದಾಗ ದನಿ ತಗ್ಗಿಸುತ್ತಿದ್ದಳು. ಘಟದ ಮುಂದೆ ಎಣ್ಣೆ ದೀಪ, ಹಸಿರು ಸಸಿ ಅಷ್ಟಷ್ಟೇ ಎದ್ದಿರುತ್ತಿತ್ತು. ಅಜ್ಜಿ ಪುಸ್ತಕದ ಮೇಲೆ ಬೆರಳಿಟ್ಟು, "ನೋಡು, ರಾಜ್ಯ ಹೋದರೂ ಸಾಕಿದ ಪ್ರಾಣಿ ಹೊಟ್ಟೆ ನೆನಪಿಗೆ ಬಂತು ಅವನಿಗೆ. ಅದಕ್ಕೇ ದೇವಿ ಒಲಿದಳು" ಅನ್ನುತ್ತಿದ್ದಳು. ಪುಸ್ತಕದಲ್ಲಿ ಹಾಗಿಲ್ಲ. ಪುಸ್ತಕದಲ್ಲಿ ಋಷಿ ಅದನ್ನು ಮೋಹ ಎನ್ನುತ್ತಾನೆ. ಸುರಥ ನದಿಯ ದಂಡೆಯಲ್ಲಿ ಮಣ್ಣಿನ ಮೂರ್ತಿ ಮಾಡಿಟ್ಟು ಮೂರು ವರ್ಷ ಪೂಜಿಸಿದ ಮೇಲೆ ದೇವಿ ಬರುತ್ತಾಳೆ. ಆದರೂ ಈ ವಯಸ್ಸಿಗೆ ನಾನು ಅಜ್ಜಿಯ ಅರ್ಥವನ್ನೇ ಹಿಡಿದುಕೊಂಡಿದ್ದೇನೆ.

ಮಗನಿಗೆ ಹೀಗೆ ಹೇಳಿ: ಉಳಿಸಿದ್ದುಂಟು. ಹೇಳಿ ಅಲ್ಲಿಗೇ ನಿಲ್ಲಿಸಬೇಡಿ, ಆ ಹುಡುಗಿ ಕೇಳಿದ್ದನ್ನೂ ಹೇಳಿ.

ಪ್ರಶ್ನೆ: ಟಿಪ್ಪು ಸುಲ್ತಾನ್ ಶತ್ರುನಾಶಕ್ಕಾಗಿ ಶೃಂಗೇರಿಯಲ್ಲಿ ಚಂಡೀಜಪ ಮಾಡಿಸಿದ್ದನೆಂದು ಒಬ್ಬರು, ಅದೆಲ್ಲ ಕಟ್ಟುಕಥೆ ಎಂದು ಇನ್ನೊಬ್ಬರು ನಮ್ಮ ಅಂಗಡಿ ಮುಂದೆ ಜಗಳವಾಡಿದರು. ನಿಜವಿದ್ದರೆ ಮೀರ್ ಸಾದಿಕನ ದ್ರೋಹದಿಂದ ಅವನು ಉಳಿಯಬೇಕಿತ್ತಲ್ಲ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿ ಮಠದಲ್ಲಿ ಟಿಪ್ಪುವಿನ ಕಾಗದಗಳ ಕಟ್ಟನ್ನು ಕಂಡು ಪ್ರಕಟಿಸಿದರು. ಕಾಗದಗಳು ಕನ್ನಡದಲ್ಲಿವೆ.

1791ರಲ್ಲಿ ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಸೇರಿ ಟಿಪ್ಪುವಿನ ಮೇಲೆ ಬಿದ್ದಿದ್ದರು. ಮರಾಠ ದಂಡಿನ ಜೊತೆಗಿದ್ದ ಲೂಟಿಗಾರರು ಶೃಂಗೇರಿಗೆ ನುಗ್ಗಿ ಜನರನ್ನು ಕೊಂದು, ಶಾರದೆಯ ಮೂರ್ತಿಯನ್ನೇ ಕಿತ್ತರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಟಿಪ್ಪುವಿಗೆ ಬರೆದರು. ಮರುಪ್ರತಿಷ್ಠೆಗೆ ಬೇಕಾದ 200 ರಹತಿ (ಆಗಿನ ನಾಣ್ಯ) ನಗದು, ಅಷ್ಟೇ ಬೆಲೆಯ ಧಾನ್ಯ ಕೊಡುವಂತೆ ಟಿಪ್ಪು ಬಿದನೂರು ನಗರದ ಅಧಿಕಾರಿಗೆ ಆಜ್ಞೆ ಮಾಡಿದ. ನಗುನಗುತ್ತ ಪಾಪ ಮಾಡಿದವರು ಅಳುತ್ತ ಉಣ್ಣುತ್ತಾರೆ ಎಂಬ ಅರ್ಥದ ಸಂಸ್ಕೃತ ವಾಕ್ಯವನ್ನು ಆ ಕಾಗದದಲ್ಲಿ ಬರೆಸಿದ. ಮುಂದೆ ಶತ್ರುಗಳ ನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕೆಂದು ಕೇಳಿ ಖರ್ಚನ್ನೂ ಹೊತ್ತ.

ನಿಮ್ಮ ಎರಡನೇ ಮಾತು ಹೆಚ್ಚು ಕಷ್ಟದ್ದು. 1799ರ ಮೇ 4ರ ಬೆಳಿಗ್ಗೆ ಜೋಯಿಸರು ಅಪಶಕುನ ಕಂಡು ದಾನ ಕೊಡಲು ಹೇಳಿದ್ದರು. ಟಿಪ್ಪು ಆನೆ, ಕರಿ ಎತ್ತು, ಎಮ್ಮೆ, ಹಣ ಎಲ್ಲ ದಾನ ಕೊಟ್ಟ. ಕಬ್ಬಿಣದ ಪಾತ್ರೆ ತುಂಬ ಎಣ್ಣೆ ಇಟ್ಟು, ಬಗ್ಗಿ ಅದರಲ್ಲಿ ತನ್ನ ಮುಖ ನೋಡಿಕೊಂಡು ಅದನ್ನೂ ಕೊಟ್ಟ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಶನಿ ದೋಷಕ್ಕೆ ಎಣ್ಣೆಯಲ್ಲಿ ಮುಖ ನೋಡುವುದುಂಟು. ಮಧ್ಯಾಹ್ನ ಇಂಗ್ಲಿಷರು ಶ್ರೀರಂಗಪಟ್ಟಣದ ಕೋಟೆಯ ಒಡಕಿಗೆ ನುಗ್ಗಿದರು. ಸಂಬಳದ ನೆಪ ಹೇಳಿ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಅಲ್ಲಿದ್ದ ಸಿಪಾಯಿಗಳನ್ನು ಆಚೆ ಕರೆಸಿದನೆಂಬುದು ಜನ ನಂಬಿಕೊಂಡು ಬಂದ ಮಾತು. ಸಂಜೆ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹ ಹುಡುಕಿದರು. ಬಲತೋಳಿನಲ್ಲಿ ತಾಯಿತ ಹಾಗೇ ಇತ್ತು, ಹೂವಿನ ರೇಷ್ಮೆ ಬಟ್ಟೆಯಲ್ಲಿ ಹೊಲಿದದ್ದು, ಒಳಗೆ ಅರಬ್ಬಿ ಪಾರಸಿ ಅಕ್ಷರದ ಚೀಟಿಗಳು.

ಆ ತಾಯಿತದ ವಿವರ ಓದಿದಾಗ ನನಗೆ ಗಂಟಲು ಕಟ್ಟುತ್ತದೆ. ಚಂಡೀಜಪ, ಎಣ್ಣೆ ಪಾತ್ರೆ, ತಾಯಿತ, ಮೂರನ್ನೂ ಆ ಮನುಷ್ಯ ನಂಬಿಯೇ ಹಿಡಿದಿದ್ದ. ಪ್ರಾಣ ಉಳಿಯಲಿಲ್ಲ ಎಂದ ಮಾತ್ರಕ್ಕೆ ಅವನ ಪ್ರಾರ್ಥನೆ ಸುಳ್ಳಾಗಿತ್ತು ಎಂದು ನಾನು ಹೇಳಲಾರೆ, ದೇವರು ದ್ರೋಹಿಯ ಪಕ್ಷ ವಹಿಸಿದ ಎಂದೂ ಹೇಳಲಾರೆ. ಶೃಂಗೇರಿಗೆ ಅವನಿಂದ ರಕ್ಷೆ ಇಳಿಯಿತು. ಕೊಡಗಿನವರು ಇಟ್ಟುಕೊಂಡಿರುವ ನೆನಪು ಬೇರೆ, ಅದಕ್ಕೂ ಬಲವಾದ ಕಾರಣವಿದೆ. ಅಲ್ಲಿಗೆ ಅವನಿಂದ ಇಳಿದದ್ದು ಸೆರೆ, ಸಾವು. ಅಂಗಡಿ ಮುಂದೆ ಜಗಳವಾಡಿದ ಇಬ್ಬರಿಗೂ ಈ ಎರಡನ್ನೂ ಹೇಳಿ.

ಪ್ರಶ್ನೆ: ಚುನಾವಣೆಗೆ ಮುಂಚೆ ನಮ್ಮ ಕಡೆಯ ಮುಖಂಡರೊಬ್ಬರು ಶತ್ರುಸಂಹಾರ ಹೋಮ ಮಾಡಿಸಿದರು. ಹಿಂದಿನ ರಾಜರೂ ಮಾಡಿಸುತ್ತಿದ್ದರು, ತಪ್ಪೇನು ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?
ಹೆಸರು, ಊರು ಬೇಡವೆಂದ ಓದುಗರು

ಉತ್ತರ: ರಾಜನಿಗೆ ಶತ್ರುವೆಂದರೆ ತಲೆ ತೆಗೆಯಲು ಬಂದವನು. ಚುನಾವಣೆಯಲ್ಲಿ ಎದುರು ನಿಂತವನು ನಮ್ಮಿಂದಲೇ ಓಟು ಕೇಳುವ ಇನ್ನೊಬ್ಬ. ಅವನ ಸಂಹಾರಕ್ಕೆ ತುಪ್ಪ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ತನ್ನ ಮೈ, ತನ್ನ ಮನೆ ಕಾಪಾಡೆಂದು ಬೇಡಿಕೊಳ್ಳಲಿ. ಅಧಿಕಾರದಲ್ಲಿರುವವರ ಜೀವಕ್ಕೆ ನಿಜವಾದ ಅಪಾಯವೂ ಇರುತ್ತದೆ, ಅವರ ಮನೆಯವರಿಗೂ ರಾತ್ರಿ ನಿದ್ದೆ ಬರುವುದಿಲ್ಲ. ಆ ಪ್ರಾರ್ಥನೆಗೆ ನನ್ನದೂ ಒಂದು ನಮಸ್ಕಾರ ಸೇರಿಸುತ್ತೇನೆ.

ಪ್ರಶ್ನೆ: ಸರ್, ಅಬ್ದುರ್ ರಜಾಕ್ ರಾಜನನ್ನು ನಿಜವಾಗಿ ನೋಡಿದ್ದನಾ? ರಾಜ ಹೇಗಿದ್ದ?
ಒಂಬತ್ತನೇ ತರಗತಿ ವಿದ್ಯಾರ್ಥಿ, ಕೊಪ್ಪಳ

ಉತ್ತರ: ನೋಡಿದ್ದ ಮಗಾ, ಹತ್ತಿರ ಕೂತು ಮಾತಾಡಿದ್ದ. ಮೊದಲ ಪ್ರಶ್ನೆಗೆ ಬರೆದ ಉತ್ತರ ಓದಿಕೊಂಡು ಆಮೇಲೆ ಇದನ್ನು ಓದು. ದೇವರಾಯ ಇರಿತ ತಿಂದು ಇನ್ನೂ ಬಹಳ ತಿಂಗಳಾಗಿರಲಿಲ್ಲ. ನಲವತ್ತು ಕಂಬದ ಸಭೆಯಲ್ಲಿ ಹಸಿರು ರೇಷ್ಮೆಯ ಉಡುಪು ತೊಟ್ಟು, ಕೊರಳಿಗೆ ಮುತ್ತಿನ ಪಟ್ಟಿ ಕಟ್ಟಿ ಕೂತಿದ್ದ. ಎಣ್ಣೆಗೆಂಪು ಬಣ್ಣ, ಎತ್ತರದ ಸಣಕಲು ಮೈ, ಚಿಕ್ಕ ವಯಸ್ಸು, ಇನ್ನೂ ಗಡ್ಡ ಬಂದಿರಲಿಲ್ಲ ಎಂದು ರಜಾಕ್ ಬರೆಯುತ್ತಾನೆ.

ರಜಾಕ್ ಒಂದರ ಮೇಲೊಂದು ಬಟ್ಟೆ ಹಾಕಿಕೊಂಡು ಹೋಗಿದ್ದ. ನಮ್ಮ ಸೆಕೆ ನಿನಗೆ ಗೊತ್ತಲ್ಲ. ಬೆವರಿ ತೊಯ್ದು ಹೋದ. ಅದನ್ನು ನೋಡಿ ದೊರೆಗೆ ಕನಿಕರ ಹುಟ್ಟಿತು, ತನ್ನ ಕೈಯಲ್ಲಿದ್ದ ಚೀನಾ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ. "ನಾವು ನೀವು ಜೊತೆಯಲ್ಲಿ ಉಣ್ಣುವಂತಿಲ್ಲ, ಈ ಹಣದ ಚೀಲವೇ ನಿಮಗೆ ನಮ್ಮ ಔತಣ" ಎಂಬ ಅರ್ಥದ ಮಾತನ್ನೂ ಆಡಿದ. ಹೊರಡುವಾಗ ಒಂದು ತಟ್ಟೆ ತರಿಸಿದ. ಅದರಲ್ಲಿ 500 ಪಣ ಇತ್ತು, ಕರ್ಪೂರ ಇತ್ತು, ಎರಡು ಕಟ್ಟು ವೀಳ್ಯದೆಲೆ ಇತ್ತು.